ಎರಡನೇ ಸಾಲಿನಲ್ಲಿ ನಿಂತವರು: 1914–15ರ ಸ್ಕಾಟಿಷ್ ಲೀಗ್

1914–15ರ ಸ್ಕಾಟಿಷ್ ಫುಟ್‌ಬಾಲ್ ಲೀಗ್ ಮೊದಲನೇ ಡಿವಿಷನ್ನಿನ ಪಾಯಿಂಟ್ಸ್ ಟೇಬಲ್ ತೆಗೆದರೆ ಮೇಲಿನ ಸಾಲಿನಲ್ಲಿ ಸೆಲ್ಟಿಕ್ ಇದೆ. 38 ಪಂದ್ಯ, 30 ಗೆಲುವು, 5 ಡ್ರಾ, 3 ಸೋಲು, 65 ಪಾಯಿಂಟ್. ಅದರ ಕೆಳಗೆ ಹಾರ್ಟ್ ಆಫ್ ಮಿಡ್ಲೋಥಿಯನ್, ಚಿಕ್ಕದಾಗಿ ಹಾರ್ಟ್ಸ್. 27 ಗೆಲುವು, 7 ಡ್ರಾ, 4 ಸೋಲು, 61 ಪಾಯಿಂಟ್. ಮೂರನೇ ಸ್ಥಾನದ ರೇಂಜರ್ಸ್ 50ರಲ್ಲೇ ನಿಂತುಬಿಟ್ಟಿದೆ. ಅಂದರೆ ಆ ವರ್ಷ ಪೈಪೋಟಿ ಇದ್ದದ್ದು ಎರಡೇ ತಂಡಗಳ ನಡುವೆ. ಒಂದು ಗ್ಲಾಸ್ಗೋದ್ದು, ಇನ್ನೊಂದು ಎಡಿನ್‌ಬರೋದ್ದು.

ನಾನು ಹಳೇ ಲೀಗ್‌ಗಳ ಟೇಬಲ್‌ಗಳನ್ನು ಓದುತ್ತಾ ಕೂರುವ ಮನುಷ್ಯ. ಆದರೆ ಈ ಟೇಬಲ್‌ನ ಎರಡನೇ ಸಾಲನ್ನು ನೋಡಿದಾಗ ಆಗುವ ಸಂಕಟ ಬೇರೆ ಯಾವ ಟೇಬಲ್ ನೋಡಿದಾಗಲೂ ಆಗಿಲ್ಲ. ಸೋತರು ಅನ್ನುವ ಬೇಜಾರಲ್ಲ ಅದು. ಆ 38 ಪಂದ್ಯಗಳಲ್ಲಿ ಸುಮಾರು ಅರ್ಧದಷ್ಟನ್ನು ಹಾರ್ಟ್ಸ್‌ನ ಹುಡುಗರು ಸಿಪಾಯಿಗಳಾಗಿ ಆಡಿದರು. ವಾರವಿಡೀ ಕವಾಯತು, ಶನಿವಾರ ಫುಟ್‌ಬಾಲ್. ಟೇಬಲ್‌ನಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಕಾಣಬೇಕಾಗಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಮೊದಲು ಆ ಕಾಲದ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ.

ಆಗ ಸ್ಕಾಟ್ಲೆಂಡಿನ ಲೀಗ್ ಅಂದರೆ ಗ್ಲಾಸ್ಗೋದ ಮನೆ ಆಸ್ತಿ ಇದ್ದ ಹಾಗೆ. 1905ರಿಂದ 1910ರವರೆಗೆ ಸತತ ಆರು ವರ್ಷ ಸೆಲ್ಟಿಕ್. ಆಮೇಲೆ ಮೂರು ವರ್ಷ ರೇಂಜರ್ಸ್. 1914ರಲ್ಲಿ ಮತ್ತೆ ಸೆಲ್ಟಿಕ್, ಅದೂ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದು. ಎಡಿನ್‌ಬರೋದ ಹಾರ್ಟ್ಸ್ ಕೊನೇ ಸಲ ಲೀಗ್ ಗೆದ್ದದ್ದು 1897ರಲ್ಲಿ. ರಾಜಧಾನಿಯ ಜನಕ್ಕೆ ಇದು ಒಳಗೊಳಗೇ ಕೊರೆಯುತ್ತಿತ್ತು.

ಹಾರ್ಟ್ಸ್‌ನ ಮ್ಯಾನೇಜರ್ ಜಾನ್ ಮೆಕಾರ್ಟ್ನಿ ಒಂದು ಒಳ್ಳೇ ತಂಡ ಕಟ್ಟುತ್ತಿದ್ದರು. ಹೆಚ್ಚಿನವರು ಚಿಕ್ಕ ವಯಸ್ಸಿನ ಹುಡುಗರು. 1914ರ ಆರಂಭದಲ್ಲಿ ಕ್ಲಬ್ ತನ್ನ ಗೋಲು ಯಂತ್ರವಾಗಿದ್ದ ಪರ್ಸಿ ಡಾಸನ್‌ನನ್ನು ಬ್ಲ್ಯಾಕ್‌ಬರ್ನ್ ರೋವರ್ಸ್‌ಗೆ 2,500 ಪೌಂಡಿಗೆ ಮಾರಿತು. ಆ ಕಾಲಕ್ಕೆ ಅದು ಬ್ರಿಟನ್ನಿನಲ್ಲೇ ದಾಖಲೆ ಮೊತ್ತ. ಮಾರದೆ ಬೇರೆ ದಾರಿ ಇರಲಿಲ್ಲ. ಟೈನ್‌ಕ್ಯಾಸಲ್ ಮೈದಾನದಲ್ಲಿ ಹೊಸ ಮುಖ್ಯ ಸ್ಟ್ಯಾಂಡ್ ಕಟ್ಟುವ ಕೆಲಸ ಕೈಗೆತ್ತಿಕೊಂಡಿದ್ದರು, ಖರ್ಚು ಅಂದಾಜು ಮೀರಿ ಬೆಳೆಯುತ್ತಿತ್ತು. ಡಾಸನ್ ಜಾಗಕ್ಕೆ ಲಿವರ್‌ಪೂಲ್‌ನಿಂದ ಟಾಮ್ ಗ್ರೇಸಿ ಬಂದ. ಬೆಲೆ 400 ಪೌಂಡ್. ಈ ಹೆಸರನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಬರುತ್ತದೆ.

1914ರ ಆಗಸ್ಟ್ 4ರಂದು ಬ್ರಿಟನ್ ಮೊದಲನೇ ಮಹಾಯುದ್ಧಕ್ಕಿಳಿಯಿತು. ಆಗಸ್ಟ್ 15ರಂದು ಲೀಗ್ ಶುರುವಾಯಿತು. ಹಾರ್ಟ್ಸ್‌ಗೆ ಮೊದಲ ಎದುರಾಳಿಯೇ ಚಾಂಪಿಯನ್ ಸೆಲ್ಟಿಕ್, ಟೈನ್‌ಕ್ಯಾಸಲ್‌ನಲ್ಲಿ. ಹಾರ್ಟ್ಸ್ 2–0 ಗೆದ್ದಿತು. ಅಲ್ಲಿಂದ ಸತತ ಎಂಟು ಪಂದ್ಯ ಗೆದ್ದರು. ಊರಿನಲ್ಲಿ ಜನ ಈ ಸಲ ನಮ್ಮದೇ ಅಂತ ಮಾತಾಡಿಕೊಳ್ಳುವಷ್ಟು ಧೈರ್ಯ ಬಂದಿತ್ತು. ಅಷ್ಟರಲ್ಲಾಗಲೇ ತಂಡದಿಂದ ಇಬ್ಬರು ಹೊರಟಾಗಿತ್ತು. ಜಾರ್ಜ್ ಸಿಂಕ್ಲೇರ್ ಮತ್ತು ನೀಲ್ ಮೋರ್‌ಲ್ಯಾಂಡ್ ಮೀಸಲು ಪಡೆಯವರು, ಕರೆ ಬಂದ ಕೂಡಲೇ ಹೋಗಲೇಬೇಕಿತ್ತು.

ಆಗ ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯ ಸೇವೆ ಇರಲಿಲ್ಲ. ಸೇರುವುದು ಬಿಡುವುದು ಅವರವರ ಇಷ್ಟ, ಕಾಗದದ ಮೇಲೆ. ನಿಜದಲ್ಲಿ ಹಾಗಿರಲಿಲ್ಲ. ಶರತ್ಕಾಲದ ಹೊತ್ತಿಗೆ ಪತ್ರಿಕೆಗಳಲ್ಲಿ ಫುಟ್‌ಬಾಲ್ ಮೇಲೆ ದಾಳಿ ಜೋರಾಯಿತು. ಗಟ್ಟಿಮುಟ್ಟಾದ ಹುಡುಗರು ಚಡ್ಡಿ ಹಾಕಿಕೊಂಡು ಚೆಂಡು ಒದೆಯುತ್ತಿದ್ದಾರೆ, ಸಾವಿರಾರು ಜನ ಕೂತು ನೋಡುತ್ತಿದ್ದಾರೆ, ಅಲ್ಲಿ ಫ್ರಾನ್ಸ್‌ನಲ್ಲಿ ಜನ ಸಾಯುತ್ತಿದ್ದಾರೆ ಅನ್ನುವ ವಾದ. ರಗ್ಬಿಯವರನ್ನು ನೋಡಿ ಕಲಿಯಿರಿ ಎಂದರು. ರಗ್ಬಿಯವರು ಯುದ್ಧ ಶುರುವಾದ ಕೂಡಲೇ ಆಟ ನಿಲ್ಲಿಸಿದ್ದರು.

ಈ ಹೋಲಿಕೆಯಲ್ಲಿ ನನಗೆ ದೊಡ್ಡ ಅನ್ಯಾಯ ಕಾಣುತ್ತದೆ. ರಗ್ಬಿ ಆಡುತ್ತಿದ್ದವರಲ್ಲಿ ಹೆಚ್ಚಿನವರು ಅನುಕೂಲಸ್ಥರ ಮನೆಯವರು. ವಕೀಲರು, ಡಾಕ್ಟರುಗಳು, ದೊಡ್ಡ ಶಾಲೆಗಳಲ್ಲಿ ಓದಿದವರು. ಆಟ ಅವರಿಗೆ ಬಿಡುವಿನ ಹೊತ್ತಿನ ಸಂಗತಿ. ಫುಟ್‌ಬಾಲ್ ಆಡುವವನಿಗೆ ಅದು ಹೊಟ್ಟೆಪಾಡು. ಕ್ಲಬ್ ಜೊತೆ ಕರಾರು ಇರುತ್ತಿತ್ತು. ಅವನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಅದೇ ತಿಂಗಳುಗಳಲ್ಲಿ ನಾಟಕ ಮಂದಿರಗಳು ತೆರೆದೇ ಇದ್ದವು, ಕುದುರೆ ರೇಸೂ ಪೂರ್ತಿ ನಿಂತಿರಲಿಲ್ಲ. ಆದರೂ ಬೆರಳು ತೋರಿಸಿದ್ದು ಕೂಲಿಕಾರರ ಆಟದ ಕಡೆಗೇ.

ಹಾರ್ಟ್ಸ್ ಟೇಬಲ್‌ನ ತುದಿಯಲ್ಲಿ ಇತ್ತಲ್ಲ, ಹಾಗಾಗಿ ಏಟು ಬಿದ್ದದ್ದೂ ಅವರಿಗೇ ಜಾಸ್ತಿ. ನವೆಂಬರ್ ಮಧ್ಯದಲ್ಲಿ ಎಡಿನ್‌ಬರೋದ ಸಂಜೆ ಪತ್ರಿಕೆಯಲ್ಲಿ ಒಂದು ಓದುಗರ ಪತ್ರ ಬಂತು. ಬರೆದವರು ತಮ್ಮ ಹೆಸರು ಹಾಕದೆ, ಒಬ್ಬ ಸೈನಿಕನ ಮಗಳು ಅಂತಷ್ಟೇ ಸಹಿ ಮಾಡಿದ್ದರು. ಬೇರೆಯವರು ಪ್ರಾಣ ಕೊಡುತ್ತಿರುವುದರಿಂದ ನೆಮ್ಮದಿಯಾಗಿ ಆಡುತ್ತಿರುವ ಈ ಕ್ಲಬ್ ಸದ್ಯಕ್ಕೆ ತನ್ನ ಹೆಸರನ್ನು ಮಿಡ್ಲೋಥಿಯನ್ನಿನ ಬಿಳಿ ಗರಿಗಳು ಅಂತ ಬದಲಾಯಿಸಿಕೊಳ್ಳಲಿ ಎಂಬುದು ಪತ್ರದ ಸಾರ. ಆ ದಿನಗಳಲ್ಲಿ ಸೈನ್ಯಕ್ಕೆ ಸೇರದ ಗಂಡಸಿನ ಕೈಗೆ ಹೆಂಗಸರು ಬೀದಿಯಲ್ಲೇ ಬಿಳಿ ಗರಿ ಕೊಡುತ್ತಿದ್ದರು. ನೀನು ಹೇಡಿ ಅಂತ ಅದರ ಅರ್ಥ. ಅಂಥ ಮಾತನ್ನು ಊರಿನ ಪ್ರತಿ ಮನೆಗೂ ಹೋಗುವ ಪತ್ರಿಕೆಯಲ್ಲಿ ಅಚ್ಚು ಹಾಕಿದರೆ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರಿಗೆ ಹೇಗಾಗಬೇಡ? ತರಕಾರಿ ಅಂಗಡಿಯಲ್ಲಿ, ಚರ್ಚಿನಲ್ಲಿ, ಟ್ರಾಮಿನಲ್ಲಿ ಅವರ ಅಮ್ಮಂದಿರು ಆ ಪತ್ರ ಓದಿದವರನ್ನೇ ಎದುರಿಸಬೇಕಿತ್ತು.

ಪತ್ರ ಬರುವ ಹೊತ್ತಿಗೇ ತಂಡದ ಜೇಮ್ಸ್ ಸ್ಪೀಡಿ ಕ್ಯಾಮರನ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟ್ ಸೇರುವ ಹಾದಿಯಲ್ಲಿದ್ದ. ಅವನ ಹಿಂದೆಯೇ ಸರ್ ಜಾರ್ಜ್ ಮೆಕ್ರೇ ರಂಗಕ್ಕೆ ಬಂದರು. ವಯಸ್ಸು 54. ಎಡಿನ್‌ಬರೋದಲ್ಲಿ ಬಟ್ಟೆ ವ್ಯಾಪಾರದಿಂದ ಮೇಲೆ ಬಂದವರು, ಹಿಂದೆ ಪಾರ್ಲಿಮೆಂಟ್ ಸದಸ್ಯರಾಗಿದ್ದವರು. ಬಡತನದಲ್ಲಿ ಹುಟ್ಟಿ ತನ್ನ ಕೈಯಿಂದಲೇ ಬೆಳೆದ ಮನುಷ್ಯ ಅನ್ನುವ ಕಾರಣಕ್ಕೆ ಊರಿನ ದುಡಿಯುವ ಜನಕ್ಕೆ ಅವರ ಮೇಲೆ ಪ್ರೀತಿ ಇತ್ತು. ತಾನೊಂದು ಬೆಟಾಲಿಯನ್ ಕಟ್ಟುತ್ತೇನೆ ಎಂದು ಅವರು ಪ್ರಕಟಿಸಿದರು. ಅದು ಅಧಿಕೃತವಾಗಿ ರಾಯಲ್ ಸ್ಕಾಟ್ಸ್ ರೆಜಿಮೆಂಟಿನ 16ನೇ ಬೆಟಾಲಿಯನ್. ಊರಿನವರ ಬಾಯಲ್ಲಿ ಮಾತ್ರ ಇವತ್ತಿಗೂ ಮೆಕ್ರೇ ಬೆಟಾಲಿಯನ್.

ನವೆಂಬರ್ 25ರಂದು ಹಾರ್ಟ್ಸ್‌ನ ಹನ್ನೊಂದು ಆಟಗಾರರು ಒಟ್ಟಿಗೆ ಹೆಸರು ಬರೆಸಿದರು. ಆಲ್ಫಿ ಬ್ರಿಗ್ಸ್, ಡಂಕನ್ ಕರಿ, ಟಾಮ್ ಗ್ರೇಸಿ, ಜೇಮ್ಸ್ ಲೋ, ಹ್ಯಾರಿ ವಾಟಿ, ವಿಲ್ಲಿ ವಿಲ್ಸನ್, ಎರ್ನಿ ಎಲ್ಲಿಸ್, ನಾರ್ಮನ್ ಫಿಂಡ್ಲೇ, ಜಿಮ್ಮಿ ಫ್ರೂ, ಆನನ್ ನೆಸ್, ಬಾಬ್ ಪ್ರೆಸ್ಟನ್. ಬೆನ್ನಿಗೇ ಪ್ಯಾಟ್ ಕ್ರಾಸನ್, ಜಿಮ್ಮಿ ಬಾಯ್ಡ್ ಸೇರಿದರು. ಹೋದವರಿಗೆ ಅರ್ಧ ಸಂಬಳ ಕೊಡುತ್ತೇವೆ, ವಾಪಸ್ ಬಂದರೆ ತಂಡದಲ್ಲಿ ಜಾಗ ಇರುತ್ತದೆ ಎಂದು ಕ್ಲಬ್ ಮಾತು ಕೊಟ್ಟಿತು. ಒಂದು ತಂಡದ ಇಷ್ಟು ಜನ ಒಂದೇ ದಿನ ಹೀಗೆ ಸೇರಿದ್ದು ಸಣ್ಣ ಸುದ್ದಿ ಅಲ್ಲ. ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ ಅದು. ಅವರ ಬೆನ್ನಿಗೆ ಕ್ಲಬ್ಬಿನ ಅಭಿಮಾನಿಗಳು ನೂರಾರು ಲೆಕ್ಕದಲ್ಲಿ ಬಂದರು. ಊರಿನ ಎದುರಾಳಿ ಕ್ಲಬ್ ಹಿಬ್ಸ್‌ನ ಅಭಿಮಾನಿಗಳೂ ಬಂದರು. ಫಾಲ್ಕಿರ್ಕ್, ರೇತ್ ರೋವರ್ಸ್, ಡನ್‌ಫರ್ಮ್‌ಲಿನ್‌ನಿಂದ ಆಟಗಾರರು ಬಂದರು. ಶನಿವಾರ ಸ್ಟ್ಯಾಂಡಿನ ಎದುರುಬದುರು ನಿಂತು ಕೂಗಾಡುತ್ತಿದ್ದವರು ಒಂದೇ ಸಾಲಿನಲ್ಲಿ ನಿಂತರು.

ನವೆಂಬರ್ 27ರಂದು ಅಷರ್ ಹಾಲ್‌ನಲ್ಲಿ ದೊಡ್ಡ ಸಭೆ ನಡೆಯಿತು. ಅಷರ್ ಹಾಲ್ ಆ ವರ್ಷವೇ ಬಾಗಿಲು ತೆರೆದಿತ್ತು, ಇವತ್ತಿಗೂ ಸಂಗೀತ ಕಛೇರಿ ನಡೆಯುವ ಜಾಗ. ಮೆಕ್ರೇ ಸಮವಸ್ತ್ರದಲ್ಲಿ ನಿಂತು, ನಿಮ್ಮ ಪಕ್ಕದಲ್ಲಿ ನಾನೂ ನಿಂತು ಅಪಾಯ ಹಂಚಿಕೊಳ್ಳದಿದ್ದರೆ ನಿಮ್ಮನ್ನು ಬನ್ನಿ ಎನ್ನುವ ಹಕ್ಕು ನನಗಿಲ್ಲ ಎಂಬ ಅರ್ಥದ ಮಾತು ಹೇಳಿದರು. ಆ ಮಾತನ್ನು ಉಳಿಸಿಕೊಂಡರು ಕೂಡ. ಯುದ್ಧಭೂಮಿಗೆ ತಾವೇ ಬೆಟಾಲಿಯನ್ ಕರೆದುಕೊಂಡು ಹೋದರು. ವೇದಿಕೆ ಮೇಲೆ ನಿಂತು ಬೇರೆಯವರ ಮಕ್ಕಳನ್ನು ಕಳಿಸಿದವರ ಸಾಲಿಗೆ ಅವರು ಸೇರುವುದಿಲ್ಲ. ಅದಕ್ಕೇ ನನಗೆ ಅವರ ಮೇಲೆ ಗೌರವ ಇದೆ.

ಈಗ ಲೀಗಿಗೆ ಬರೋಣ. ಸಾಮಾನ್ಯವಾಗಿ ಈ ಕಥೆ ಹೇಳುವವರು ಸೈನ್ಯಕ್ಕೆ ಸೇರಿದ ದಿನದಿಂದ ಸೀದಾ ಯುದ್ಧಭೂಮಿಗೆ ಹಾರಿಬಿಡುತ್ತಾರೆ. ನಡುವಿನ ಐದು ತಿಂಗಳು ಯಾರಿಗೂ ಬೇಡ. ನನಗೆ ಆ ಐದು ತಿಂಗಳೇ ಮುಖ್ಯ.

ಬೆಟಾಲಿಯನ್ 1915ರ ಬೇಸಿಗೆಯವರೆಗೂ ಎಡಿನ್‌ಬರೋದಲ್ಲೇ ತರಬೇತಿ ಪಡೆಯಿತು. ಹಾಗಾಗಿ ಆಟಗಾರರು ಲೀಗ್ ಮುಗಿಸಬಹುದಿತ್ತು. ಮುಗಿಸಿದರು. ಆದರೆ ಯಾವ ಸ್ಥಿತಿಯಲ್ಲಿ! ಬೆಳಿಗ್ಗೆ ಕವಾಯತು, ಬಂದೂಕು ಅಭ್ಯಾಸ, ಕಂದಕ ತೋಡುವುದು. ಜೊತೆಗೆ ರಾತ್ರಿ ನಡಿಗೆ. ಊರಿನ ದಕ್ಷಿಣಕ್ಕೆ ಪೆಂಟ್‌ಲ್ಯಾಂಡ್ ಬೆಟ್ಟಗಳಿವೆ. ಚಳಿಗಾಲದಲ್ಲಿ ಅಲ್ಲಿ ಗಾಳಿ ಮೂಳೆಗೆ ಇಳಿಯುತ್ತದೆ. ಹೆಗಲ ಮೇಲೆ ಹೊರೆ ಹೊತ್ತು, ದಪ್ಪ ಬೂಟು ಹಾಕಿಕೊಂಡು ರಾತ್ರಿಯೆಲ್ಲಾ ಅಲ್ಲಿ ನಡೆಯಬೇಕಿತ್ತು. ಹತ್ತು ಹತ್ತು ಗಂಟೆ ನಡೆದು ಬಂದ ಕಾಲುಗಳಿಗೆ ಮತ್ತೆ ಫುಟ್‌ಬಾಲ್ ಬೂಟು. ಟೈಫಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡ ವಾರ ಜ್ವರ, ಕೈ ಊತ. ಒಬ್ಬ ಆಡಲಾಗದೆ ಕೂತರೆ ಅವನ ಜಾಗಕ್ಕೆ ಬರುವವನೂ ಸಿಪಾಯಿಯೇ.

ಅದರಲ್ಲೂ ಅವರು ಗೆಲ್ಲುತ್ತಲೇ ಇದ್ದರು. ಜನವರಿ ಕೊನೆಯಲ್ಲಿ ಗ್ಲಾಸ್ಗೋಗೆ ಹೋಗಿ ಸೆಲ್ಟಿಕ್ ಮೈದಾನದಲ್ಲೇ ಡ್ರಾ ಮಾಡಿಕೊಂಡು ಬಂದರು. ಸೀಸನ್‌ನ ಬಹುಪಾಲು ವಾರ ಟೇಬಲ್‌ನ ಮೇಲಿನ ಸಾಲು ಹಾರ್ಟ್ಸ್‌ನದೇ ಆಗಿತ್ತು.

ಟಾಮ್ ಗ್ರೇಸಿ ಆ ವರ್ಷ ಲೀಗ್‌ನಲ್ಲಿ 29 ಗೋಲು ಹೊಡೆದ. ಏರ್ ಯುನೈಟೆಡ್‌ನ ಜಿಮ್ಮಿ ರಿಚರ್ಡ್‌ಸನ್ ಜೊತೆ ಸಮವಾಗಿ ಲೀಗ್‌ನ ಅತಿ ಹೆಚ್ಚು ಗೋಲುಗಳ ಪಟ್ಟ. ಆದರೆ ಸೀಸನ್ ಮುಗಿಯುವ ಮುಂಚೆಯೇ ಅವನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಮ್ಯಾನೇಜರ್ ಮೆಕಾರ್ಟ್ನಿಗೆ ವಿಷಯ ತಿಳಿದಿತ್ತು, ಹೊರಗೆ ಹೇಳಲಿಲ್ಲ. ಗ್ರೇಸಿ ಆಟವನ್ನೂ ಬಿಡಲಿಲ್ಲ, ಕವಾಯತನ್ನೂ ಬಿಡಲಿಲ್ಲ. ಮೈಯಲ್ಲಿ ಅಂಥ ಕಾಯಿಲೆ ಇಟ್ಟುಕೊಂಡು 29 ಗೋಲು. ಆ 29ನ್ನು ನಾನು ಬೇರೆ ಯಾವ ವರ್ಷದ ಗೋಲುಗಳ ಜೊತೆಗೂ ಇಟ್ಟು ತೂಗಲಾರೆ. ಅದೇ ವರ್ಷ ಅಕ್ಟೋಬರ್ 23ರಂದು ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ವಯಸ್ಸು 26.

ಏಪ್ರಿಲ್‌ನಲ್ಲಿ ಹಾರ್ಟ್ಸ್ ಎಡವಿತು. ಮಾರ್ಟನ್ ವಿರುದ್ಧ ಒಂದು ಸೋಲು, ಸೇಂಟ್ ಮಿರೆನ್ ವಿರುದ್ಧ ಇನ್ನೊಂದು. ಅಷ್ಟೇ. ಸೆಲ್ಟಿಕ್ ಮುಂದೆ ಹೋಯಿತು, ಮತ್ತೆ ಹಿಂದೆ ತಿರುಗಿ ನೋಡಲಿಲ್ಲ.

ಈ ಎರಡು ಸೋಲಿನ ಲೆಕ್ಕ ಹಾಕಿ ನೋಡಿ. ಆಗ ಗೆಲುವಿಗೆ 2 ಪಾಯಿಂಟ್. ಎರಡು ಪಂದ್ಯ ಗೆದ್ದಿದ್ದರೆ 4 ಪಾಯಿಂಟ್ ಬರುತ್ತಿತ್ತು. ಕೊನೆಯಲ್ಲಿ ಅಂತರ ಇದ್ದದ್ದೂ 4. ಅಂದರೆ 65–65, ಸಮ. ಸಮ ಬಂದರೆ ಗೋಲುಗಳ ಲೆಕ್ಕ ನೋಡಿ ತೀರ್ಮಾನ ಮಾಡುವ ಪದ್ಧತಿ ಆಗಿನ್ನೂ ಅಲ್ಲಿರಲಿಲ್ಲ. ಹತ್ತು ವರ್ಷ ಹಿಂದೆ, 1905ರಲ್ಲಿ, ಸೆಲ್ಟಿಕ್ ಮತ್ತು ರೇಂಜರ್ಸ್ 41–41ರಲ್ಲಿ ನಿಂತಾಗ ಹ್ಯಾಂಪ್ಡೆನ್ ಪಾರ್ಕ್‌ನಲ್ಲಿ ಇನ್ನೊಂದು ಪಂದ್ಯ ಆಡಿಸಿದ್ದರು. ಸೆಲ್ಟಿಕ್ 2–1 ಗೆದ್ದಿತ್ತು. ಗೋಲುಗಳ ಲೆಕ್ಕದಲ್ಲಿ ರೇಂಜರ್ಸ್ ಮುಂದಿತ್ತು, ಆದರೂ ಚಾಂಪಿಯನ್ ಪಟ್ಟ ಸೆಲ್ಟಿಕ್‌ಗೆ ಹೋಯಿತು. 1915ರಲ್ಲೂ ಅಂಥ ಒಂದು ನಿರ್ಣಾಯಕ ಪಂದ್ಯ ನಡೆಯಬಹುದಿತ್ತು. ಖಾಕಿ ಕಳಚಿಟ್ಟು ಮೆರೂನ್ ಅಂಗಿ ತೊಟ್ಟ ಹುಡುಗರು, ಎದುರಿಗೆ ಸೆಲ್ಟಿಕ್. ಅದೊಂದು ಪಂದ್ಯ ನಡೆಯಲಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಸೈನ್ಯಕ್ಕೆ ಸೇರಿದ್ದರಿಂದಲೇ ಹಾರ್ಟ್ಸ್ ಸೋತಿತಾ? ನನ್ನ ಉತ್ತರ, ಬಹುಪಾಲು ಹೌದು. ಎಂಟು ಪಂದ್ಯ ಸತತ ಗೆದ್ದ ತಂಡ, ಕೊನೇ ವಾರಗಳಲ್ಲಿ ತನಗಿಂತ ದುರ್ಬಲ ತಂಡಗಳ ಎದುರು ಸೋಲುವುದಕ್ಕೆ ದಣಿವು ಬಿಟ್ಟು ಬೇರೆ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಆಗ ಎಡಿನ್‌ಬರೋದ ಪತ್ರಿಕೆಗಳೂ ಇದನ್ನೇ ಕಟುವಾಗಿ ಬರೆದವು. ಗ್ಲಾಸ್ಗೋದ ದೊಡ್ಡ ಕ್ಲಬ್‌ಗಳು ಯಾರನ್ನೂ ಕಳಿಸಲಿಲ್ಲ, ನಿಜವಾದ ಚಾಂಪಿಯನ್ ನಮ್ಮವರೇ ಅನ್ನುವ ಧಾಟಿ.

ಈ ಧಾಟಿಯ ಎರಡನೇ ಅರ್ಧವನ್ನು ನಾನು ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ.

ಸೆಲ್ಟಿಕ್ ಆ ವರ್ಷ ಆಡಿದ ಆಟವನ್ನು ಕಡೆಗಣಿಸಬಾರದು. 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 25 ಗೋಲು. ಗೋಲಿನ ಮುಂದೆ ಚಾರ್ಲಿ ಶಾ. ಅವನ ಮುಂದೆ ಅಲೆಕ್ ಮೆಕ್‌ನೇರ್, ಜೋ ಡಾಡ್ಸ್. ಮೆಕ್‌ನೇರ್‌ಗೆ ಅಭಿಮಾನಿಗಳು ಇಟ್ಟ ಅಡ್ಡಹೆಸರು ಮಂಜಿನ ಕಡ್ಡಿ, ಅಷ್ಟು ತಣ್ಣಗೆ ಆಡುತ್ತಿದ್ದ. ಮುಂದೆ ಪ್ಯಾಟ್ಸಿ ಗಾಲಹರ್, ಜಿಮ್ಮಿ ಮೆಕ್‌ಮೆನೆಮಿ. ಗಾಲಹರ್ ಸಣಕಲು ಮೈಯವನು, ಕಾಲಲ್ಲಿ ಚೆಂಡಿದ್ದರೆ ಹಿಡಿಯುವವರಿಲ್ಲ. ಮ್ಯಾನೇಜರ್ ವಿಲ್ಲಿ ಮೇಲಿ 1897ರಿಂದ ಅದೇ ಕುರ್ಚಿಯಲ್ಲಿದ್ದವರು. ಈ ತಂಡ ಮುಂದಿನ ಎರಡು ವರ್ಷವೂ ಲೀಗ್ ಗೆದ್ದಿತು. 1915ರ ನವೆಂಬರ್‌ನಿಂದ 1917ರ ಏಪ್ರಿಲ್‌ವರೆಗೆ 62 ಲೀಗ್ ಪಂದ್ಯ ಸೋಲಲೇ ಇಲ್ಲ. ಅಂಥ ತಂಡದ ಎದುರು ನಿಂತು, ಅವರ ಮೈದಾನದಲ್ಲೂ ಸೋಲದೆ, ಕೊನೇ ವಾರಗಳವರೆಗೂ ಅವರನ್ನು ಹಿಂದೆ ಇಟ್ಟದ್ದು ಹಾರ್ಟ್ಸ್‌ನ ದೊಡ್ಡತನ. ಸೆಲ್ಟಿಕ್‌ನ್ನು ಚಿಕ್ಕದು ಮಾಡಿದರೆ ಹಾರ್ಟ್ಸ್ ಕೂಡ ಚಿಕ್ಕದಾಗುತ್ತದೆ.

ಇನ್ನು ಗ್ಲಾಸ್ಗೋದವರು ಯುದ್ಧಕ್ಕೆ ಹೋಗಲಿಲ್ಲ ಅನ್ನುವ ಮಾತು. ಕ್ಲೈಡ್ ನದಿಯ ದಂಡೆಯ ಶಿಪ್‌ಯಾರ್ಡ್‌ಗಳಲ್ಲಿ, ಕಲ್ಲಿದ್ದಲು ಗಣಿಗಳಲ್ಲಿ ಆಟಗಾರರು ದುಡಿಯುತ್ತಿದ್ದರು. ಗಾಲಹರ್ ಸ್ವತಃ ಶಿಪ್‌ಯಾರ್ಡ್ ಕೆಲಸಗಾರ. ಹಡಗಿಲ್ಲದೆ, ಕಲ್ಲಿದ್ದಲಿಲ್ಲದೆ ಯುದ್ಧ ನಡೆಯುತ್ತಿರಲಿಲ್ಲ. ಸೆಲ್ಟಿಕ್‌ನ ಪೀಟರ್ ಜಾನ್‌ಸ್ಟೋನ್ ಗಣಿಯಲ್ಲಿ ದುಡಿದವನು, ಆಮೇಲೆ ಸೈನ್ಯಕ್ಕೆ ಸೇರಿ 1917ರ ಮೇನಲ್ಲಿ ಫ್ರಾನ್ಸ್‌ನಲ್ಲಿ ಸತ್ತ. ಅದಕ್ಕಿಂತ ಮುಂಚೆ, ಈ ಲೀಗ್ ಮುಗಿದ ಎರಡೇ ತಿಂಗಳಿಗೆ, ಹಿಂದೆ ಸೆಲ್ಟಿಕ್‌ನಲ್ಲಿ ಆಡಿದ್ದ ವಿಲ್ಲಿ ಆಂಗಸ್‌ನ ಸಾಹಸ ನಡೆಯಿತು. 1915ರ ಜೂನ್ 12, ಜಿವಾಂಶಿ ಎಂಬ ಊರಿನ ಹತ್ತಿರ. ಅವನದೇ ಊರಾದ ಕಾರ್ಲೂಕ್‌ನ ಒಬ್ಬ ಅಧಿಕಾರಿ ಗಾಯಗೊಂಡು ಜರ್ಮನ್ ಕಂದಕದ ಮುಂದೆಯೇ ಬಿದ್ದಿದ್ದ. ಹೋದರೆ ವಾಪಸ್ ಬರುವುದಿಲ್ಲ ಅಂತ ಎಲ್ಲರೂ ಹೇಳಿದರು. ಆಂಗಸ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೆವಳಿ ಹೋದ. ಆ ಅಧಿಕಾರಿಯನ್ನು ಉಳಿಸಿದ. ಅವನ ಮೈಮೇಲೆ ಸುಮಾರು 40 ಗಾಯಗಳಾದವು, ಒಂದು ಕಣ್ಣು ಹೋಯಿತು. ವಿಕ್ಟೋರಿಯಾ ಕ್ರಾಸ್ ಬಂತು. ಕ್ಲಬ್‌ಗಳ ಹೆಸರು ಹಿಡಿದು ಧೈರ್ಯ ಅಳೆಯುವವರಿಗೆ ನಾನು ಆಂಗಸ್‌ನ ಹೆಸರು ಹೇಳುತ್ತೇನೆ.

1915ರ ಜೂನ್‌ನಲ್ಲಿ ಮೆಕ್ರೇ ಬೆಟಾಲಿಯನ್ ಎಡಿನ್‌ಬರೋ ಬಿಟ್ಟಿತು. ಮೊದಲು ಇಂಗ್ಲೆಂಡಿನ ರಿಪನ್, 1916ರ ಜನವರಿಯಲ್ಲಿ ಫ್ರಾನ್ಸ್. ಅದಕ್ಕೂ ಮೊದಲೇ, 1915ರ ಸೆಪ್ಟೆಂಬರ್ 25ರಂದು, ಕ್ಯಾಮರನ್ ಹೈಲ್ಯಾಂಡರ್ಸ್ ಜೊತೆ ಹೋಗಿದ್ದ ಜೇಮ್ಸ್ ಸ್ಪೀಡಿ ಲೂಸ್ ಕದನದಲ್ಲಿ ಸತ್ತ.

1916ರ ಜುಲೈ 1. ಸೊಮ್ಮ್ ಕದನದ ಮೊದಲ ದಿನ. ಬ್ರಿಟಿಷ್ ಸೈನ್ಯದ ಚರಿತ್ರೆಯಲ್ಲೇ ಅಂಥ ಕರಾಳ ದಿನ ಇನ್ನೊಂದಿಲ್ಲ. ಸುಮಾರು 57,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಮೆಕ್ರೇ ಬೆಟಾಲಿಯನ್‌ಗೆ ಕೊಟ್ಟಿದ್ದ ಗುರಿ ಕೊಂಟಲ್‌ಮೇಸಾನ್ ಎಂಬ ಹಳ್ಳಿ. ಎಡಗಡೆಯ ಲಾ ಬ್ವಾಸೆಲ್ ಕಡೆಯಿಂದ ಮೆಷಿನ್ ಗನ್ ಗುಂಡುಗಳು ಸುರಿಯುತ್ತಿದ್ದವು. ಅದರಲ್ಲೇ ಕೆಲವರು ಹಳ್ಳಿಯವರೆಗೂ ಮುಟ್ಟಿದರು. ಆ ದಿನ ಇಡೀ ರಂಗದಲ್ಲಿ ಅಷ್ಟು ಒಳಗೆ ನುಗ್ಗಿದವರು ವಿರಳ. ಬೆಟಾಲಿಯನ್‌ನ ಅರ್ಧಕ್ಕಿಂತ ಜಾಸ್ತಿ ಜನ ಸತ್ತರು ಇಲ್ಲವೇ ಗಾಯಗೊಂಡರು.

ಹ್ಯಾರಿ ವಾಟಿ, ಡಂಕನ್ ಕರಿ, ಎರ್ನಿ ಎಲ್ಲಿಸ್ ಮೂವರೂ ಅವತ್ತೇ ಹೋದರು. ವಾಟಿ ಎಡಿನ್‌ಬರೋ ಹುಡುಗ, ಚುರುಕಾದ ಫಾರ್ವರ್ಡ್. ಅವನ ದೇಹ ಸಿಗಲೇ ಇಲ್ಲ. ತಿಯಪ್‌ವಾಲ್‌ನ ದೊಡ್ಡ ಸ್ಮಾರಕದಲ್ಲಿ, ಸಮಾಧಿ ಇಲ್ಲದವರ ಹೆಸರುಗಳ ನಡುವೆ ಅವನ ಹೆಸರಿದೆ. ಆಲ್ಫಿ ಬ್ರಿಗ್ಸ್‌ಗೆ ಗುಂಡುಗಳು ಬಿದ್ದವು, ಬದುಕಿದ, ಮತ್ತೆ ಫುಟ್‌ಬಾಲ್ ಆಡಲಾಗಲಿಲ್ಲ. ಮುಂದಿನ ತಿಂಗಳು ಜಿಮ್ಮಿ ಬಾಯ್ಡ್. 1917ರ ಏಪ್ರಿಲ್‌ನಲ್ಲಿ ಅರಾಸ್ ಹತ್ತಿರ ಹಾರ್ಟ್ಸ್‌ನವನೇ ಆದ ಜಾನ್ ಆಲನ್. ಗ್ರೇಸಿಯನ್ನೂ ಸ್ಪೀಡಿಯನ್ನೂ ಸೇರಿಸಿದರೆ ಒಟ್ಟು ಏಳು ಜನ.

ಪ್ಯಾಟ್ ಕ್ರಾಸನ್ ವಿಷಯ ಸ್ವಲ್ಪ ಹೇಳಲೇಬೇಕು. ತಂಡದ ಚೆಲುವ ಅಂತ ಅವನಿಗೆ ಹೆಸರಿತ್ತು. ಡಿಫೆನ್ಸ್‌ನಲ್ಲಿ ಆಡುತ್ತಿದ್ದವನು, ಓಟದಲ್ಲಿ ಮಿಂಚು. ಸೊಮ್ಮ್‌ನಲ್ಲಿ ಕಾಲಿಗೆ ಪೆಟ್ಟಾಯಿತು, ಪಾದ ಕತ್ತರಿಸಬೇಕು ಅಂತ ತೀರ್ಮಾನವಾಗಿತ್ತು. ಸೆರೆಸಿಕ್ಕಿದ್ದ ಒಬ್ಬ ಜರ್ಮನ್ ಡಾಕ್ಟರ್ ಆಪರೇಷನ್ ಮಾಡಿ ಆ ಪಾದ ಉಳಿಸಿದ. ಕ್ರಾಸನ್ ಮತ್ತೆ ಯುದ್ಧಕ್ಕೂ ಹೋದ, ಮತ್ತೆ ಹಾರ್ಟ್ಸ್‌ಗೂ ಆಡಿದ. ಹ್ಯಾರಿ ವಾಟಿಯ ತಂಗಿಯನ್ನು ಮದುವೆಯಾದ. ಎಡಿನ್‌ಬರೋದ ರೋಸ್ ಸ್ಟ್ರೀಟ್‌ನಲ್ಲಿ ಒಂದು ಬಾರ್ ಇಟ್ಟ. ಆದರೆ ವಿಷಾನಿಲ ಕುಡಿದ ಶ್ವಾಸಕೋಶ ಸುಧಾರಿಸಲೇ ಇಲ್ಲ. 1933ರಲ್ಲಿ ತೀರಿಕೊಂಡ. ಹಾರ್ಟ್ಸ್‌ನ ಬಾಬ್ ಮರ್ಸರ್ ಕೂಡ ಹಾಗೇ. ಯುದ್ಧದಿಂದ ವಾಪಸ್ ಬಂದವನು 1926ರಲ್ಲಿ ಒಂದು ಸ್ನೇಹ ಪಂದ್ಯ ಆಡುತ್ತಾ ಮೈದಾನದಲ್ಲೇ ಕುಸಿದು ಸತ್ತ. ಏಳು ಜನ ಅನ್ನುವ ಲೆಕ್ಕದಲ್ಲಿ ಇವರಿಬ್ಬರೂ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಬರುತ್ತಾರೆ.

ನಾನು ಎಡಿನ್‌ಬರೋದಲ್ಲಿ ಕೆಲಸಕ್ಕಿದ್ದಾಗ ಆಫೀಸಿನ ದಾರಿ ಹೇಮಾರ್ಕೆಟ್ ಮೇಲೇ ಹೋಗುತ್ತಿತ್ತು. ರೈಲ್ವೆ ಸ್ಟೇಷನ್ ಎದುರು, ರಸ್ತೆಗಳು ಕೂಡುವ ಕಡೆ ಒಂದು ಕಲ್ಲಿನ ಗಡಿಯಾರ ಕಂಬ ಇದೆ. ಹಾರ್ಟ್ಸ್‌ನ ಯುದ್ಧ ಸ್ಮಾರಕ ಅದು. 1922ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಒಂದು ಫುಟ್‌ಬಾಲ್ ಕ್ಲಬ್‌ನ ಸ್ಮಾರಕ ಮೈದಾನದ ಒಳಗಿಲ್ಲ, ಊರಿನ ನಡುರಸ್ತೆಯಲ್ಲಿದೆ ನೋಡಿ. ಜನ ಅದರ ಕೆಳಗೆ ಒಬ್ಬರಿಗೊಬ್ಬರು ಕಾಯುತ್ತಾ ನಿಲ್ಲುತ್ತಾರೆ, ಟೈಮ್ ನೋಡಿಕೊಂಡು ರೈಲಿಗೆ ಓಡುತ್ತಾರೆ. ಟ್ರಾಮ್ ಹಳಿ ಹಾಕುವ ಕೆಲಸಕ್ಕೆ 2009ರಲ್ಲಿ ಅದನ್ನು ಬಿಚ್ಚಿ ತೆಗೆದಿದ್ದರು. ವಾಪಸ್ ನಿಲ್ಲಿಸಿದ್ದು 2013ರಲ್ಲಿ. ಆ ನಡುವೆ ಅದು ಎಲ್ಲಿ ಹೋಯಿತು, ಯಾವಾಗ ಬರುತ್ತದೆ ಅಂತ ಊರಿನವರು ಕೇಳುತ್ತಲೇ ಇದ್ದರಂತೆ. ಪ್ರತಿ ನವೆಂಬರ್‌ನ ಸ್ಮರಣೆಯ ಭಾನುವಾರ ಈಗಿನ ಆಟಗಾರರು, ಮ್ಯಾನೇಜರ್, ಅಭಿಮಾನಿಗಳು ಅಲ್ಲಿ ಸೇರುತ್ತಾರೆ. ಹಸಿರು ಶಾಲು ಹಾಕಿಕೊಂಡ ಹಿಬ್ಸ್‌ನವರೂ ಬರುತ್ತಾರೆ. ನಾನು ಹೋಗಿದ್ದ ವರ್ಷ ನನ್ನ ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಆ ಹನ್ನೊಂದು ಹೆಸರನ್ನು ಒಂದೂ ತಪ್ಪಿಲ್ಲದೆ, ಮನೆಯವರ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದರು. ಅವರು ಹುಟ್ಟುವ ಹೊತ್ತಿಗೆ ಆ ಯುದ್ಧ ಮುಗಿದು ದಶಕಗಳೇ ಆಗಿದ್ದವು.

ಕೊಂಟಲ್‌ಮೇಸಾನ್‌ನಲ್ಲೂ 2004ರ ನವೆಂಬರ್‌ನಲ್ಲಿ ಒಂದು ಕಲ್ಲಿನ ಸ್ಮಾರಕ ಎದ್ದಿತು. ಆ ಕನಸು ಹಳೇ ಸೈನಿಕರದ್ದು, 1919ರಿಂದಲೂ ಇತ್ತು. ಆಗ ದುಡ್ಡು ಹೊಂದಲಿಲ್ಲ. ಹಾರ್ಟ್ಸ್ ಮತ್ತೆ ಲೀಗ್ ಗೆದ್ದದ್ದು 1958ರಲ್ಲಿ. ಆ ಹೊತ್ತಿಗೆ 1914ರ ತಂಡದವರಲ್ಲಿ ಉಳಿದಿದ್ದವರು ತೀರಾ ಕಡಿಮೆ.

ಹಾರ್ಟ್ಸ್ ಬಗ್ಗೆ ಈಗ ಸಾಕಷ್ಟು ಜನ ಬರೆಯುತ್ತಾರೆ, ಅದು ಸಂತೋಷ. ಆದರೆ ಅದೇ ಟೇಬಲ್‌ನಲ್ಲಿ ಇನ್ನೂ ಕೆಳಗೆ ಕಣ್ಣು ಹಾಯಿಸಿದರೆ ರೇತ್ ರೋವರ್ಸ್ ಸಿಗುತ್ತದೆ. ಫೈಫ್ ಸೀಮೆಯ ಕರ್ಕಾಡಿ ಊರಿನ ಸಣ್ಣ ಕ್ಲಬ್. ಅವರೂ ಮೆಕ್ರೇ ಬೆಟಾಲಿಯನ್‌ಗೆ ಹುಡುಗರನ್ನು ಕಳಿಸಿ, ಉಳಿದವರನ್ನು ಕಟ್ಟಿಕೊಂಡು ಸೀಸನ್ ಮುಗಿಸಿದರು. ಜೇಮ್ಸ್ ಟಾಡ್ 1916ರ ಮಾರ್ಚ್‌ನಲ್ಲಿ ಸತ್ತ. ಜೇಮ್ಸ್ ಸ್ಕಾಟ್ ಸೊಮ್ಮ್‌ನ ಮೊದಲ ದಿನ. ಜಾರ್ಜ್ ಮೆಕ್ಲೇ 1917ರ ಅಕ್ಟೋಬರ್‌ನಲ್ಲಿ. ಚಾಂಪಿಯನ್ ಆಗುವ ಆಸೆ ಆ ವರ್ಷ ರೇತ್‌ಗೆ ಇರಲೇ ಇಲ್ಲ, ಹಾಗಾಗಿ ಕೈತಪ್ಪಿದ ಪಟ್ಟದ ಕಥೆ ಅವರ ಬಗ್ಗೆ ಯಾರೂ ಹೇಳುವುದಿಲ್ಲ. ಅವರ ಆ ಸೀಸನ್‌ನ ಪಂದ್ಯಗಳ ವಿವರಗಳನ್ನು ನಾನು ಒಂದೊಂದಾಗಿ ಕೂಡಿಹಾಕುತ್ತಿದ್ದೇನೆ. ಮುಂದಿನ ಬರಹ ಅವರ ಬಗ್ಗೆ.